ಬ್ಯಾನರ್ ಹಿಡಿದ ಹುಡುಗಿ

ನಮ್ಮ ಕಡೆ ಯಾವುದೂ ಸುಮ್ಮನೆ ಶುರುವಾಗುವುದಿಲ್ಲ, ಉದ್ಘಾಟನೆಯಾಗಲೇಬೇಕು. ನೀರಿನ ಟ್ಯಾಂಕಿ ಕೂರಿಸಿದರೂ ರಿಬ್ಬನ್ ಬೇಕು, ಕಸದ ಡಬ್ಬಿ ಇಟ್ಟರೂ ಯಾರಿಗಾದರೂ ಶಾಲು ಹೊದಿಸಬೇಕು. ಹಾಗಾಗಿ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯಕ್ಕಾಗಿ ದಿನಾ ಬೆಳಿಗ್ಗೆ ವ್ಯಾಯಾಮ ಮಾಡಿಸಿ ಎಂದು ಮೇಲಿನಿಂದ ಸುತ್ತೋಲೆ ಬಂದಾಗ, ವ್ಯಾಯಾಮದ ಗತಿ ಏನಾಗಬಹುದೆಂಬ ಅಂದಾಜು ನನಗಿತ್ತು. ಆದರೂ ಒಳಗೊಳಗೆ ಖುಷಿಪಟ್ಟೆ. ಅದಕ್ಕೆ ಒಬ್ಬ ಹುಡುಗಿ ಕಾರಣ.

ನಾನು ಬೀದರಿನ ಸ್ನಾತಕೋತ್ತರ ಕೇಂದ್ರವೊಂದರಲ್ಲಿ ಕನ್ನಡ ಕಲಿಸುತ್ತೇನೆ. ಹುಡುಗಿಯರ ಹಾಸ್ಟೆಲಿನ ಜವಾಬ್ದಾರಿಯೂ ನನ್ನ ಕೊರಳಿಗೇ ಬಿದ್ದಿದೆ. ಆ ಹುಡುಗಿ ಔರಾದ್ ಆಚೆಯ ಹಳ್ಳಿಯವಳು, ಕುರಿ ಸಾಕುವ ಮನೆತನ, ಇತಿಹಾಸದ ಎಂ.ಎ. ಓದುತ್ತಿದ್ದಳು. ಹಾಸ್ಟೆಲಿನಲ್ಲಿ ಎಲ್ಲರಿಗಿಂತ ಒಂದು ಗೇಣು ಎತ್ತರ. ಒಂದು ದಿನ ಸೆಮಿನಾರಿನಲ್ಲಿ ಮಾತಾಡಲು ಎದ್ದು ನಿಂತಳು, ದನಿ ಬರಲಿಲ್ಲ. ಚೀಟಿ ಹಿಡಿದುಕೊಂಡು ಹಾಗೇ ನಿಂತಳು. ಹಿಂದಿನ ಬೆಂಚಿನವರು ಕಿಸಕ್ಕೆಂದರು, ಕೂತುಬಿಟ್ಟಳು. ಅಲ್ಲಿಂದ ಮುಂದೆ ಅವಳಿಗೆ ನಿದ್ದೆಯಿಲ್ಲ. ತಟ್ಟೆಯಲ್ಲಿ ರೊಟ್ಟಿ ಹಾಕಿಸಿಕೊಂಡದ್ದು ಹಾಕಿಸಿಕೊಂಡ ಹಾಗೇ ಇರುತ್ತಿತ್ತು. ನಾಲ್ಕು ಜನ ತನ್ನ ಕಡೆ ತಿರುಗಿದರೆ ಅಂಗೈ ಬೆವರುತ್ತಿತ್ತು. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಸಮಾಧಾನದಿಂದ ಕೇಳಿಸಿಕೊಂಡು, ಔಷಧಿ ಬರೆದುಕೊಟ್ಟು, ಇದರ ಜೊತೆಗೆ ದಿನಾ ಮೈ ದಣಿಯಬೇಕು, ನಡೆಯಲಿ, ಕೈಕಾಲು ಆಡಿಸಲಿ ಎಂದರು.

ಅಷ್ಟರಲ್ಲಿ ಅವಳಪ್ಪ ಬಂದರು. ದೀಪಾವಳಿಗೆ ಊರಿಗೆ ಹೋದವಳು ಮನೆಯಲ್ಲೂ ಕಣ್ಣು ಬಿಟ್ಟುಕೊಂಡೇ ಮಲಗಿರುತ್ತಿದ್ದಳಂತೆ. ಓದು ಸಾಕು, ಕರೆದುಕೊಂಡು ಹೋಗುತ್ತೇನೆ ಎಂದರು. ಆ ಸುತ್ತೋಲೆಯ ಪ್ರಕಾರ ವ್ಯಾಯಾಮದ ಶಿಬಿರ ಶುರುವಾಗುತ್ತದೆ, ಅದು ಮುಗಿಯುವವರೆಗೆ ನೋಡೋಣ ಎಂದು ನಾನು ತಡೆದೆ. ಅವರು, ಮುಗಿದ ದಿನ ಬರುತ್ತೇನೆ, ಆಗಲೂ ಹೀಗೇ ಇದ್ದರೆ ನನ್ನನ್ನು ತಡೆಯಬೇಡಿ ಎಂದು ಹೇಳಿ ಹೋದರು.

ಶಿಬಿರ ಶುರುವಾಯಿತು. ಬೆಳಿಗ್ಗೆ ಎದ್ದು ಮೈದಾನಕ್ಕೆ ಹೋದರೆ ಏನಿತ್ತು? ವೇದಿಕೆ ಇತ್ತು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ ಬೆಳಗಿಸುವುದು, ಅತಿಥಿಗೆ ಸನ್ಮಾನ. ಒಂದು ದಿನದ ಮಟ್ಟಿಗೆ ಇದ್ದಿದ್ದರೆ ಹಲ್ಲು ಕಚ್ಚಿಕೊಂಡು ಇರುತ್ತಿದ್ದೆ. ನಮ್ಮ ಮುಖ್ಯಸ್ಥರು ದಿನಕ್ಕೊಬ್ಬ ಅತಿಥಿಯನ್ನು ಹಿಡಿದು ತರುತ್ತಿದ್ದರು. ಪ್ರತಿಯೊಬ್ಬರೂ ಒತ್ತಡವಿಲ್ಲದ ಬದುಕಿನ ಬಗ್ಗೆ ಅಷ್ಟುದ್ದ ಮಾತಾಡಿದರು. ಕುಂತವರ ಕಾಲು ಜೋಮು ಹಿಡಿಯುತ್ತಿತ್ತು. ಬಿಸಿಲು ನೆತ್ತಿಗೇರಿದ ಮೇಲೆ ಸೀಟಿ ಊದಿ, ನಾಲ್ಕು ಸಲ ಕೈ ಮೇಲೆ ಕೆಳಗೆ ಮಾಡಿಸಿ, ಫೋಟೊ ತೆಗೆದು, ಉಪ್ಪಿಟ್ಟು ಕೊಟ್ಟು ಕಳಿಸುತ್ತಿದ್ದರು. ಭಾಲ್ಕಿಯಲ್ಲಿ ನನ್ನ ಅಪ್ಪ ಮತ್ತು ಅವರ ಗೆಳೆಯರು ವರ್ಷಗಟ್ಟಲೆಯಿಂದ ಸಂಜೆಯಾದರೆ ರೈಲ್ವೆ ಸ್ಟೇಷನ್ನಿನ ತನಕ ನಡೆದು, ತೊಗರಿಯ ಧಾರಣೆ ಬೈದು, ವಾಪಸು ಬಂದು ಹೊಟ್ಟೆ ತುಂಬ ಉಂಡು ಮಲಗುತ್ತಾರೆ. ಅವರನ್ನು ಯಾರೂ ಉದ್ಘಾಟಿಸಿಲ್ಲ.

ನನ್ನ ತಲೆ ನಿಜವಾಗಿ ಕೆಟ್ಟದ್ದು ಬ್ಯಾನರಿನಿಂದ. ಜಿಯೋ ಟ್ಯಾಗ್, ಅಂದರೆ ತೆಗೆದ ಜಾಗ ಮತ್ತು ಹೊತ್ತಿನ ಗುರುತು, ಇರುವ ಫೋಟೊ ದಿನಾ ಮೇಲಕ್ಕೆ ಕಳಿಸಬೇಕು, ಫೋಟೊದಲ್ಲಿ ಬ್ಯಾನರ್ ಕಾಣಬೇಕು. ನಮ್ಮದು ಗಟ್ಟಿ ಮುರುಮಿನ ನೆಲ, ಗೂಟ ಇಳಿಯುವುದಿಲ್ಲ. ಹಾಗಾಗಿ ಇಬ್ಬರು ಎರಡು ತುದಿ ಹಿಡಿದು ನಿಲ್ಲಬೇಕಾಯಿತು. ಒಂದು ತುದಿಗೆ ದಿನಕ್ಕೊಬ್ಬರು ಬದಲಾಗುತ್ತಿದ್ದರು. ಇನ್ನೊಂದು ತುದಿಗೆ ಯಾವಾಗಲೂ ಔರಾದ್ ಕಡೆಯ ಆ ಹುಡುಗಿಯೇ, ಯಾಕೆಂದರೆ ಎತ್ತರ ಇದ್ದಳು. ಎಲ್ಲರೂ ಕೈಕಾಲು ಆಡಿಸುವಾಗ ಅವಳು ಅಲ್ಲಾಡದೆ ನಿಲ್ಲುತ್ತಿದ್ದಳು. ಬ್ಯಾನರಿನ ಮೇಲಿದ್ದ ದೊಡ್ಡವರ ಮುಖಗಳ ಪಕ್ಕ ಅವಳ ಬಾಡಿದ ಮುಖ, ಎದುರಿಗೆ ಎಲ್ಲರ ಫೋನು. ಈ ಕಡೆ ನೋಡು, ನಗು ಎಂದು ಕೂಗುತ್ತಿದ್ದರು. ಯಾವುದಕ್ಕೆ ಅವಳು ಹೆದರಿ ನಿದ್ದೆ ಬಿಟ್ಟಿದ್ದಳೋ ಅದನ್ನೇ ದಿನಾ ಅವಳಿಗೆ ಮಾಡಿಸುತ್ತಿದ್ದರು, ಅದೂ ಮನಸ್ಸಿನ ಆರೋಗ್ಯದ ಹೆಸರಿನಲ್ಲಿ. ನನ್ನ ಮೈ ಉರಿದುಹೋಯಿತು. ಬೇರೆ ಯಾರನ್ನಾದರೂ ನಿಲ್ಲಿಸಿ ಎಂದು ಮುಖ್ಯಸ್ಥರಿಗೆ ಹೇಳಿದೆ, ಕಾರಣ ಬಿಡಿಸಿ ಹೇಳಿದೆ. ಅವರು ಒಳ್ಳೆಯ ಮನುಷ್ಯರು, ಅದೇ ಕಷ್ಟ. ನಗುತ್ತಲೇ ಕೇಳಿದರು.

"ಇರ್ಲಿ ಬಿಡ್ರಿ ಮೇಡಂ. ಆಕಿ ಹಿಡದ್ರ ಬ್ಯಾನರ್ ಸೊಟ್ಟ ಆಗಂಗಿಲ್ಲ. ಆಕಿಗೂ ಧೈರ್ಯ ಬರ್ತದ."

ಅವರ ಜೊತೆ ವಾದಿಸಿ ಗಂಟಲು ಒಣಗಿಸಿಕೊಳ್ಳುವುದನ್ನು ಬಿಟ್ಟೆ. ದಿನಾ ಸಂಜೆ ಚಿದ್ರಿ ಕಡೆ ಕಾಯಿಪಲ್ಲೆ ತರಲು ಹೋಗುತ್ತೇನೆ, ಚೀಲ ಹಿಡಿಯಲು ಬಾ ಎಂದು ಅವಳನ್ನು ಕರೆದೆ. ಅದು ನೆಪವೆಂದು ಅವಳಿಗೂ ಗೊತ್ತಿತ್ತು. ಎರಡು ಕಟ್ಟು ಮೆಂತ್ಯಕ್ಕೆ ಇಬ್ಬರು ಯಾಕೆ ಬೇಕು? ಮೊದಲು ನನ್ನ ಹಿಂದೆ ಬರುತ್ತಿದ್ದಳು. ಬರಬರುತ್ತ ಮುಂದೆ ಹೋಗಿ, ತಿರುವಿನಲ್ಲಿ ನಿಂತು ನನಗಾಗಿ ಕಾಯತೊಡಗಿದಳು. ನಾನು ಏದುಸಿರು ಬಿಡುತ್ತ ಬೈದುಕೊಳ್ಳುತ್ತ ಹೋಗುತ್ತಿದ್ದೆ. ಒಂದು ಸಂಜೆ ತಾನಾಗಿಯೇ ಮಾತು ತೆಗೆದಳು.

"ಊರಾಗ ಕುರಿ ಹಿಂದ ಹೋದಾಗ ಯಾರೂ ನನ್ನ ಕಡೆ ನೋಡ್ತಿದ್ದಿಲ್ರಿ ಮೇಡಂ. ನಾನೇ ಎಲ್ಲಾ ನೋಡ್ತಿದ್ದೆ."

ಅಂದು ಊಟಕ್ಕೆ ಕೂತಾಗ ಇನ್ನೊಂದು ರೊಟ್ಟಿ ಕೇಳಿದಳು. ಹಾಸ್ಟೆಲಿನ ಅಡುಗೆಯಾಕೆ ನನ್ನ ಮುಖ ನೋಡಿದಳು, ನಾನು ಸುಮ್ಮನೆ ಬಡಿಸು ಎಂದು ಸನ್ನೆ ಮಾಡಿದೆ. ನಿದ್ದೆ ಮಾತ್ರ ಇನ್ನೂ ಹತ್ತಿರ ಸುಳಿದಿರಲಿಲ್ಲ.

ಸಮಾರೋಪದ ಆಮಂತ್ರಣ ವಾಟ್ಸಾಪ್ ಗುಂಪಿಗೆ ಬಂದಾಗ ನಾನು ಕೂತಲ್ಲೇ ಕುದಿದೆ. ಫಲಾನುಭವಿಯ ಅನಿಸಿಕೆ ಎಂದು ಅವಳ ಹೆಸರು ಹಾಕಿದ್ದರು. ಅವಳನ್ನು ಕೇಳಿರಲಿಲ್ಲ, ನನ್ನನ್ನೂ ಕೇಳಿರಲಿಲ್ಲ. ಹೆಸರು ತೆಗೆಯಿರಿ ಎಂದು ಮುಖ್ಯಸ್ಥರ ಹತ್ತಿರ ಹೋಗಿ ಜಗಳಾಡಿದೆ. ಎಲ್ಲರಿಗೂ ಹೋಗಿಬಿಟ್ಟಿದೆ, ಈಗ ತೆಗೆದರೆ ಚೆನ್ನಾಗಿ ಕಾಣುವುದಿಲ್ಲ ಎಂದರು. ಕಾಣುವುದೇ ಇವರಿಗೆ ಎಲ್ಲ. ಬೇಡವಾದರೆ ನೀನು ರೂಮಿನಲ್ಲೇ ಇರು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದು ಹುಡುಗಿಗೆ ಹೇಳಿದೆ.

ಅವಳಪ್ಪ ಹೇಳಿದಂತೆಯೇ ಸಮಾರೋಪದ ದಿನ ಔರಾದ್ ಬಸ್ಸಿಗೆ ಬಂದಿಳಿದರು. ಕೈಯಲ್ಲಿ ಖಾಲಿ ಚೀಲವಿತ್ತು, ಮಗಳ ಬಟ್ಟೆ ತುಂಬಿಕೊಳ್ಳಲು. ಹಿಂದಿನ ಸಾಲಿನ ಕುರ್ಚಿಯಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಹುಡುಗಿ ರೂಮಿನಲ್ಲಿ ಉಳಿಯದೆ ಅಂದೂ ಬ್ಯಾನರಿನ ತುದಿ ಹಿಡಿದು ನಿಂತಿದ್ದಳು. ಭಾಷಣಗಳಾದವು. ಹುಡುಗಿಯ ಹೆಸರು ಕೂಗಿದರು. ನಾನು ಏನೋ ನೆಪ ಹೇಳಲು ಎದ್ದೆ, ಅಷ್ಟರಲ್ಲಿ ಅವಳು ಬ್ಯಾನರಿನ ತುದಿಯನ್ನು ಪಕ್ಕದವಳ ಕೈಗೆ ಕೊಟ್ಟು ಮೈಕಿನ ಮುಂದೆ ಬಂದು ನಿಂತಿದ್ದಳು. ದನಿ ಬರಲಿಲ್ಲ. ಸೆಮಿನಾರಿನ ದಿನದ ಹಾಗೇ ಆಯಿತು. ಅವಳು ಅಪ್ಪ ಕೂತಿದ್ದ ಕೊನೆಯ ಸಾಲಿನ ಕಡೆ ನೋಡಿದಳು.

"ನಾ ಒಂದು ದಿನಾನೂ ವ್ಯಾಯಾಮ ಮಾಡಿಲ್ರಿ. ಬ್ಯಾನರ್ ಹಿಡಕೊಂಡು ನಿಂತಿದ್ದೆ. ಬ್ಯಾನರ್ ಹಿಡದೋರಿಗಿ ಕೈ ಎತ್ತಾಕ ಬರಂಗಿಲ್ರಿ. ನನಗ ಭಾಳ ತಕಲೀಫ್ ಆಗ್ಯಾದ. ಇಷ್ಟೇ ಹೇಳ್ತೇನ್ರಿ."

ಚಪ್ಪಾಳೆ ಬಿತ್ತು. ನಿಜ ಹೇಳುತ್ತೇನೆ, ಜೋರಾಗಿಯೇ ಬಿತ್ತು. ಮೈಕಿನಲ್ಲಿ ಯಾರು ಏನು ಹೇಳಿ ನಿಲ್ಲಿಸಿದರೂ ಚಪ್ಪಾಳೆ ತಟ್ಟುವುದು ನಮ್ಮವರ ಕೈಗೆ ರೂಢಿಯಾಗಿದೆ. ಮುಖ್ಯಸ್ಥರು ಅವಳಿಗೆ ಶಾಲು ಹೊದಿಸಿದರು. ಶಿಬಿರದಿಂದಾದ ಪ್ರಯೋಜನವನ್ನು ವಿದ್ಯಾರ್ಥಿನಿ ಮನಮುಟ್ಟುವಂತೆ ಹಂಚಿಕೊಂಡಿದ್ದಾಳೆಂದು ವಂದನಾರ್ಪಣೆಯಲ್ಲಿ ಹೇಳಿದರು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅವಳು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲವಲ್ಲ ಎಂದು ಸಂಕಟವಾಯಿತು.

ಊಟ ಮುಗಿಸಿ ಹಾಸ್ಟೆಲಿಗೆ ಬಂದಾಗ ಅವಳಪ್ಪ ರೂಮಿನ ಹೊರಗೆ ಪಾವಟಿಗೆಯ ಮೇಲೆ ಕೂತಿದ್ದರು. ಬಾಗಿಲು ಅರೆ ತೆರೆದಿತ್ತು. ಹುಡುಗಿ ಆ ಶಾಲನ್ನೇ ಹೊದ್ದುಕೊಂಡು, ಗೋಡೆ ಕಡೆ ಮುಖ ಮಾಡಿ, ಬಾಯಿ ತೆರೆದು ಮಲಗಿಬಿಟ್ಟಿದ್ದಳು. ಸಣ್ಣಗೆ ಗೊರಕೆ ಕೇಳುತ್ತಿತ್ತು. ಅಷ್ಟರಲ್ಲಿ ಮುಖ್ಯಸ್ಥರ ಫೋನು ಬಂತು. ಸನ್ಮಾನದ ಫೋಟೊದಲ್ಲಿ ಜಿಯೋ ಟ್ಯಾಗ್ ಬಂದಿಲ್ಲವಂತೆ, ಅತಿಥಿಗಳು ಇನ್ನೂ ಇದ್ದಾರೆ, ಹುಡುಗಿಯನ್ನು ಶಾಲಿನ ಸಮೇತ ಐದೇ ನಿಮಿಷ ಕಳಿಸಬೇಕಂತೆ.

"ಮಲಗ್ಯಾಳ್ರಿ ಸರ್. ಎಬ್ಬಸಂಗಿಲ್ಲ," ಎಂದು ಹೇಳಿ ಫೋನಿಟ್ಟೆ.

ಅವಳಪ್ಪ ಎದ್ದು, ಬಾಗಿಲ ಸಂದಿಯಿಂದ ಇನ್ನೊಮ್ಮೆ ಒಳಗೆ ನೋಡಿದರು. ಔರಾದ್ ಬಸ್ಸಿನ ಹೊತ್ತಾಗಿತ್ತು. ಖಾಲಿ ಚೀಲವನ್ನು ನನ್ನ ಕೈಗೆ ಕೊಟ್ಟರು.

"ಈಕಿ ಮಲಗಿದ್ದು ನೋಡಿ ಭಾಳ ದಿನ ಆಗಿತ್ರಿ ಅಕ್ಕೋರೆ. ನಾ ಒಬ್ಬನೇ ಹೋಗ್ತೇನಿ. ಚೀಲ ಇಲ್ಲೇ ಇರ್ಲಿ. ಸೂಟಿ ಬಿಟ್ಟಾಗ ಈಕಿನೇ ತುಂಬಕೊಂಡು ಬರ್ತಾಳ."

ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು, ಬಾಗಿಲಿಗೆ ಅಡ್ಡ ಕುರ್ಚಿ ಹಾಕಿ ಕೂತೆ. ಫೋನು ಮತ್ತೆ ಬಡಿದುಕೊಳ್ಳುತ್ತಿತ್ತು. ನಾನು ಎತ್ತಲಿಲ್ಲ.