ಅಂಗೈಗೆ ಆರತಿ

ದರ್ಬೆಯ ಡಾಕ್ಟರೊಬ್ಬರಲ್ಲಿ ನಾನು ಕಂಪೌಂಡರ್ ಆಗಿದ್ದಾಗ, ಮಕ್ಕಳ ಇಸುಬಿಗೆ ನೇರಳೆ ಬೆಳಕು ಬಿಡುವ ದೀಪವೊಂದು ಬಂತು. ಊರಿಗೆ ಕರೆಂಟೇ ಹೊಸತು. ದೀಪದೊಳಗೆ ಚಂದ್ರನ ತುಂಡು ಉಂಟೆಂದು ಅರ್ಧ ಪೇಟೆಯನ್ನು ನಾನೇ ನಂಬಿಸಿದ್ದೆ.

ಪೆರಾಬೆಯ ಅಜ್ಜಿಯೊಬ್ಬರು ಆರು ವರ್ಷದ ಮೊಮ್ಮಗಳು ಗಿರಿಜೆಯನ್ನು ಕರೆತರುತ್ತಿದ್ದರು. ಹುಡುಗಿಯ ಅಂಗೈಯಿಡೀ ಬಿರುಕು, ಸ್ಲೇಟಿನ ಕಡ್ಡಿ ಹಿಡಿದರೆ ರಕ್ತ. ಇಬ್ಬರಿಗೂ ಕಪ್ಪು ಕನ್ನಡಕ ಹಾಕಿಸಿ, ದೀಪ ಹೊತ್ತಿಸಿ, ಬಾಗಿಲೆಳೆದು ನಾನು ಹೊರಗೆ ಬೀಡಿ ಸೇದುತ್ತಿದ್ದೆ. ತಿಂಗಳಾದರೂ ಗುಣವಿಲ್ಲ. "ಇದೊಂದು ಸಲ ನೋಡುವ, ಮತ್ತೆ ನಿಲ್ಲಿಸುದೇ" ಎಂದರು ಡಾಕ್ಟರು.

ಆ ದಿನ ನಾನೂ ಕನ್ನಡಕ ಹಾಕಿ ಒಳಗೆ ಇಣುಕಿದೆ. ಅಜ್ಜಿ, ಮೊಮ್ಮಗಳು ಇಬ್ಬರೂ ದೀಪಕ್ಕೆ ಕೈಮುಗಿದು ಕೂತಿದ್ದಾರೆ.

"ಎಂತ ಅಜ್ಜಿ ಇದು? ಬೆಳಕು ಬೀಳಬೇಕಾದ ಅಂಗೈಯನ್ನೇ ಮುಚ್ಚಿದ್ದೀರಲ್ಲ."

"ಹೊತ್ತಿಸಿದ ದೀಪಕ್ಕೆ ಕೈಮುಗಿಯದೆ ಕೂರುದುಂಟಾ ಮಾರಾಯ?"

ವಾದ ಮಾಡಿದರೆ ನಾನೇ ಸೋಲುವುದು. "ಇದು ಆರತಿ ಅಜ್ಜಿ. ನಾನು ಬಾಗಿಲು ತೆಗೆಯುವವರೆಗೂ ಅಂಗೈ ಒಡ್ಡಿ ತೆಗೆದುಕೊಳ್ಳುದು" ಎಂದೆ.

ಮಳೆಗಾಲದ ಮೊದಲೇ ಗಿರಿಜೆ ಸ್ಲೇಟಿನಲ್ಲಿ ಕನ್ನಡಕ ಸಮೇತ ನನ್ನ ಚಿತ್ರ ಬರೆದು ತಂದಳು. ಡಾಕ್ಟರು ದೀಪವನ್ನು ಹೊಗಳಿದರು. ಅಜ್ಜಿ ಹೊರಡುವಾಗ ನನ್ನ ಹತ್ತಿರ ಬಂದು ಮೆಲ್ಲಗೆ, "ಆರತಿ ಹೊತ್ತಿಸಿಟ್ಟು ಬೀಡಿ ಸೇದಲು ಹೋಗುವ ಭಟ್ಟ ಅಂದರೆ ನೀನೊಬ್ಬನೇ" ಎಂದರು.