ಪಡುವಲ ಗೋಡೆ

ಕೊಳ್ಳೇಗಾಲದಲ್ಲಿ ಚನ್ನಮಲ್ಲಮ್ಮನ ವಠಾರ ಎಂದರೆ ಆಟೋದವರು ಮರುಮಾತಾಡದೆ ತಂದು ಬಿಡುತ್ತಾರೆ. ನಿಜ ಹೇಳಬೇಕೆಂದರೆ ವಠಾರ ಅವಳದಲ್ಲ. ಕಟ್ಟಿಸಿದ್ದು ಅವಳ ಮಾವ, ಖಾತೆ ಇರುವುದು ಗಂಡ ಪುಟ್ಟಬಸಪ್ಪನ ಹೆಸರಿನಲ್ಲಿ. ಆದರೆ ಪುಟ್ಟಬಸಪ್ಪ ಸರ್ಕಾರಿ ಬಸ್ಸಿನ ಡ್ರೈವರು. ಮೂವತ್ತು ವರ್ಷದ ಸರ್ವೀಸಿನಲ್ಲಿ ಅವನು ಮನೆಯಲ್ಲಿ ಮಲಗಿದ್ದಕ್ಕಿಂತ ಡಿಪೋದಲ್ಲಿ ಮಲಗಿದ್ದೇ ಹೆಚ್ಚು. ಹಾಗಾಗಿ ಸಾಲಾಗಿ ನಿಂತ ಆರು ಮನೆಗಳ ನಲ್ಲಿ, ಮೋಟರು, ಮೀಟರು, ಜಗಳ ಎಲ್ಲವೂ ಚನ್ನಮಲ್ಲಮ್ಮನ ತಲೆಗೇ ಬಂದು, ಅದರ ಜೊತೆಗೆ ಹೆಸರೂ ಅವಳಿಗೇ ಬಂತು.

ಬಾಡಿಗೆದಾರರನ್ನು ಅಳೆಯಲು ಅವಳದೇ ಒಂದು ಕ್ರಮವಿತ್ತು. ಮನೆ ಕೇಳಿಕೊಂಡು ಬಂದವರಿಗೆ ಮೊದಲು ಒಂದು ಚೂರು ಬೆಲ್ಲ, ಒಂದು ಚೊಂಬು ನೀರು. ಕುಡಿದವರು ಚೊಂಬನ್ನು ಕೂತಲ್ಲೇ ಬಿಟ್ಟರೆ ಮನೆ ಖಾಲಿಯಿಲ್ಲ. ಎಲ್ಲಿಡಲಿ ಅಕ್ಕ ಎಂದು ಕೇಳಿದರೆ ಮಾತು ಅಡ್ವಾನ್ಸಿಗೆ ಹೋಗುತ್ತಿತ್ತು. ಮನೆ ಕಟ್ಟಿ ನೋಡು ಮದುವೆ ಮಾಡಿ ನೋಡು ಅನ್ನುವ ಗಾದೆಗೆ ಅವಳು ಬಾಡಿಗೆಗೆ ಕೊಟ್ಟು ನೋಡು ಎಂದು ಬಾಲ ಸೇರಿಸಿಕೊಂಡಿದ್ದಳು. ಬಾಡಿಗೆಗೆ ಬರುವವನಿಗೆ ಬೇಕಾದದ್ದು ಮೂರೇ: ತಣ್ಣನೆಯ ನೆರಳು, ನಿಲ್ಲದ ನೀರು, ಗಟ್ಟಿ ಬಾಗಿಲು. ಇದು ಅವಳ ಲೆಕ್ಕ. ಈ ಲೆಕ್ಕ ಕೊಳ್ಳೇಗಾಲದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

ಅವಳದು ಅಂತ ಇದ್ದದ್ದು ತವರೂರು ಶಾಗ್ಯದಲ್ಲಿದ್ದ ಎರಡು ಎಕರೆ ಹೊಲ ಒಂದೇ. ಮದುವೆಯಲ್ಲಿ ಅವ್ವ ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟಿದ್ದು. ಅಣ್ಣನ ಕಡೆಯವರು ಬೆಳೆಯಲ್ಲಿ ಪಾಲು ಕೊಡುವ ವಾರಕ್ಕೆ ಮಾಡುತ್ತಿದ್ದರು, ಸುಗ್ಗಿಯಲ್ಲಿ ರಾಗಿ, ಅವರೆ ಬಂದು ಬೀಳುತ್ತಿತ್ತು. ಆ ರಾಗಿಯ ಮುದ್ದೆ ತಿನ್ನುವಾಗ ಅವಳ ಮುಖಕ್ಕೆ ಬೇರೆಯೇ ಕಳೆ ಬರುತ್ತಿತ್ತು. ವಠಾರದಲ್ಲಿ ಎಷ್ಟೇ ದರ್ಬಾರು ಮಾಡಿದರೂ ತಾನು ಇನ್ನೊಬ್ಬರ ಮನೆ ಕಾಯುವವಳು ಎಂಬುದು ಅವಳಿಗೆ ಗೊತ್ತಿತ್ತು. ಹೊಲದ ವಿಚಾರದಲ್ಲಿ ಹಾಗಿರಲಿಲ್ಲ.

ಅಂಥ ಹೊಲವನ್ನು ಅವಳು ಮಾರಿದ್ದು ಸಮುದ್ರಕ್ಕಾಗಿ. ಪುಟ್ಟಬಸಪ್ಪ ರಿಟೈರಾದ ಮೇಲೆ ಖಾಸಗಿ ಟೂರಿಸ್ಟ್ ಬಸ್ಸು ಓಡಿಸತೊಡಗಿದ್ದ. ಹನೂರಿನ ಕಡೆಯ ಜನರನ್ನು ಗೋಕರ್ಣ, ಮುರುಡೇಶ್ವರ ತೋರಿಸಿ ತರುವ ಕೆಲಸ. ಹಾಗೆ ಹೋದಾಗ ಕುಮಟಾದಿಂದಾಚೆ ದಂಡೆಯ ಮೇಲಿನ ಸಣ್ಣ ಊರೊಂದರಲ್ಲಿ ಹಳೇ ಹೆಂಚಿನ ಮನೆ ಮಾರಾಟಕ್ಕಿರುವುದು ಕಿವಿಗೆ ಬಿತ್ತು. ಊರಿಗೆ ಬಂದವನು ಚಪ್ಪಲಿ ಬಿಡುವುದಕ್ಕೂ ಮೊದಲೇ ಶುರು ಮಾಡಿದ.

"ಅಲ್ಲಿ ಬಾಡ್ಗೆ ತಿಂಗ್ಳಿಗಲ್ಲ ಕಣಮ್ಮಿ, ದಿನುಕ್ಕೆ! ಸನಿವಾರ ಬಂದು ಬಾನುವಾರ ಓಯ್ತಾರೆ. ಬಾಡ್ಗೆ ಮುಂಚ್ಲೇ ಕೊಟ್ಟು ಬತ್ತಾರೆ."

ಬಾಡಿಗೆ ಮುಂಚೆಯೇ ಕೊಡುವ ಜನ ಭೂಮಿಯ ಮೇಲಿದ್ದಾರೆ ಎಂಬ ಸುದ್ದಿ ಚನ್ನಮಲ್ಲಮ್ಮನನ್ನು ಎರಡು ದಿನ ಕಾಡಿತು. ಮೂರನೆಯ ದಿನ ತನ್ನ ಷರತ್ತು ಹೇಳಿದಳು. "ನಮ್ಮವ್ವನ ಒಲ ಕೊಟ್ಟು ತಕಳ್ಳಾ ಮನೆ ಅದು. ನನ್ ಎಸ್ರಿಗೇ ಆಗ್ಬೇಕು, ನಾನ್ ಏಳ್ದಂಗೇ ಕಟ್ಬೇಕು." ಪುಟ್ಟಬಸಪ್ಪ ಎರಡಕ್ಕೂ ತಲೆಯಾಡಿಸಿದ. ಹೊಲ ಹೋಯಿತು, ಮನೆ ಬಂತು.

ನೋಂದಣಿಗೆ ಹೋದ ದಿನ ಅವಳು ಸಮುದ್ರ ನೋಡಬಹುದಿತ್ತು. ಆದರೆ ಕಚೇರಿಯಲ್ಲಿ ಹೆಬ್ಬೆಟ್ಟಿನ ಮಸಿ ಒರೆಸಿಕೊಳ್ಳುವಾಗಲೇ ವಠಾರದಿಂದ ಫೋನು ಬಂತು, ಬೋರ್‌ವೆಲ್ ಮೋಟರು ಸುಟ್ಟುಹೋಗಿದೆ ಎಂದು. ಆರು ಮನೆಯ ಜನ ನೀರಿಲ್ಲದೆ ಕೂತಿರುವಾಗ ಸಮುದ್ರದ ನೀರು ಯಾರಿಗೆ ಬೇಕು? ಪೇಟೆಯಿಂದಲೇ ಬಸ್ಸು ಹತ್ತಿಬಿಟ್ಟಳು. ಆಮೇಲೆ ಹಳೇ ಮನೆ ಕೆಡವಿ ಹೊಸದು ಕಟ್ಟಿಸಿದ್ದೆಲ್ಲ ಕೊಳ್ಳೇಗಾಲದಲ್ಲಿ ಕೂತು, ಫೋನಿನಲ್ಲೇ.

ಕರಾವಳಿಯ ಮೇಸ್ತ್ರಿಗಳ ಮೇಲೆ ನಂಬಿಕೆ ಸಾಲದೆ ನಮ್ಮೂರಿನ ಮಾದುವನ್ನೇ ಕಳಿಸಿದ್ದಳು. ವಠಾರಕ್ಕೆ ಮೂರು ಸಲ ಗಾರೆ ಮಾಡಿದ ಕೈ ಅದು. ಗೋಡೆ ಎದೆಮಟ್ಟಕ್ಕೆ ಬಂದಾಗ ಮಾದು ಫೋನು ಮಾಡಿದ.

"ಅಕ್ಕೋ, ಪಡುವಲಿಗೆ ಒಂದ್ ದೊಡ್ ಕಿಟ್ಕಿ ಮಡಗ್ಲಾ? ಸಮುದ್ರ ಅದೆ ಕಣಕ್ಕ."

"ಸಮುದ್ರ ಎಲ್ಲಿಗೂ ಓಗಲ್ಲ, ಬೇಕಾದೋರು ಆಚೆಗೋಗಿ ನೋಡ್ಕತಾರೆ. ಪಡುವಲಿಂದ ಬಿಸ್ಲೂ ಬಡೀತದೆ, ಮಳೆನೂ ಬಡೀತದೆ. ಕಿಂಡಿನೂ ಬ್ಯಾಡ, ಗ್ವಾಡೆ ಎತ್ಲಾ."

ಇದರಲ್ಲಿ ಅವಳ ತಪ್ಪೇನೂ ಇರಲಿಲ್ಲ. ಪಡುವಲಿಗೆ ಬಾಗಿಲಿಟ್ಟರೆ ಮುಳುಗುವ ಸೂರ್ಯನ ಹಿಂದೆಯೇ ಲಕ್ಷ್ಮಿಯೂ ಹೊರಟುಹೋಗುತ್ತಾಳೆ ಎಂದು ಅವಳ ಅವ್ವ ಹೇಳುತ್ತಿದ್ದಳು. ಲಕ್ಷ್ಮಿಯ ಮಾತು ಹಾಗಿರಲಿ, ಶಾಗ್ಯದ ಬೇಸಿಗೆಯಲ್ಲಿ ಪಡುವಲ ಗೋಡೆಗೆ ಮಧ್ಯಾಹ್ನದ ಮೇಲೆ ಬೆನ್ನು ತಾಗಿಸಿ ನೋಡಿದವರಿಗೆ ಬೇರೆ ಶಾಸ್ತ್ರ ಬೇಕಿಲ್ಲ. ನಮ್ಮ ಕಡೆ ಮನೆ ಕಟ್ಟುವುದೇ ಬಿಸಿಲು, ದೂಳು, ಕಳ್ಳರ ಕಣ್ಣು ಒಳಗೆ ಬಾರದಿರಲಿ ಎಂದು. ಕಿಟಕಿಯಿಂದ ಆಚೆ ನೋಡುತ್ತಾ ಕೂರುವುದಕ್ಕೆ ಯಾರಾದರೂ ದುಡ್ಡು ಕೊಡುತ್ತಾರೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಮನೆ ಎದ್ದು ನಿಂತಿತು. ಮೂಡಲಿಗೆ ಬಾಗಿಲು, ಬಾಗಿಲ ಮುಂದೆ ಜಗಲಿ, ಜಗಲಿಗೆ ಎದುರಾಗಿ ಪಕ್ಕದವರ ತೆಂಗಿನಕಾಯಿ ರಾಶಿ. ಅಡುಗೆ ಮನೆ ಆಗ್ನೇಯಕ್ಕೆ. ಪಡುವಲಿಗೆ ಬೋಳು ಗೋಡೆ, ಗೋಡೆಯ ಉದ್ದಕ್ಕೂ ಬಚ್ಚಲು, ಕಕ್ಕಸು. ಅರಬ್ಬೀ ಸಮುದ್ರಕ್ಕೆ ಬೆನ್ನು ತಿರುಗಿಸಿ ಆ ಮನೆ ಕೊಳ್ಳೇಗಾಲದ ಕಡೆಗೆ ಮುಖ ಮಾಡಿ ಕೂತಿತ್ತು. ಕಸ ಗುಡಿಸಲು ಗೊತ್ತು ಮಾಡಿದ್ದ ಅಲ್ಲಿಯ ಹೆಂಗಸು ಗಣಪಿ ಮೊದಲ ದಿನ ಸುತ್ತಲೂ ಒಂದು ಸಲ ತಿರುಗಿ ಬಂದು, "ಚಂದ ಆಯ್ತು" ಎಂದಷ್ಟೇ ಹೇಳಿ ಪೊರಕೆ ಹಿಡಿದಳು.

ಪುಟ್ಟಬಸಪ್ಪ ಬಸ್ಸು ಬಿಟ್ಟು ಅಲ್ಲೇ ಸಾಮಾನಿನ ಕೋಣೆಯಲ್ಲಿ ಮಂಚ ಹಾಕಿಕೊಂಡ. ಬುಕಿಂಗ್ ನೋಡಿಕೊಳ್ಳುವ ಕೆಲಸ ಯಳಂದೂರಿನಲ್ಲಿ ಹೈಸ್ಕೂಲ್ ಟೀಚರಾಗಿದ್ದ ಮಗಳು ದೀಪಳದು. ಚನ್ನಮಲ್ಲಮ್ಮ ಎಂದಿನಂತೆ ವಠಾರದಲ್ಲಿ. ಒಂದೇ ಸಂಸಾರ ಮೂರು ಊರಿನಲ್ಲಿ ಒಲೆ ಹಚ್ಚಿಕೊಂಡು ಆ ಮನೆ ನಡೆಸತೊಡಗಿತು. ಆದರೆ ಮನೆ ನಡೆಯಲಿಲ್ಲ. ಮೊದಲು ಬಂದವರು ಮತ್ತೆ ಬರಲಿಲ್ಲ, ಅವರು ಇಂಟರ್‌ನೆಟ್ಟಿನಲ್ಲಿ ಬರೆದದ್ದನ್ನು ಓದಿದ ಹೊಸಬರೂ ಬರಲಿಲ್ಲ. ಹೇಗಿದೆ ಎಂದು ಕೇಳಿದಾಗಲೆಲ್ಲ ಪುಟ್ಟಬಸಪ್ಪ, "ಬತ್ತಾವ್ರೆ, ಓಯ್ತಾವ್ರೆ" ಅನ್ನುತ್ತಿದ್ದ. ಬಸ್ ಸ್ಟ್ಯಾಂಡಿನ ಬಗ್ಗೆ ಕೇಳಿದರೂ ಅವನು ಇದನ್ನೇ ಹೇಳುತ್ತಿದ್ದ.

ಕೊನೆಗೆ ದೀಪ ಒಂದು ಭಾನುವಾರ ಬಂದು ಅತಿಥಿಯೊಬ್ಬರು ಬರೆದದ್ದನ್ನು ಓದಿ ಹೇಳಿದಳು. ಮನೆ ಬಹಳ ಶುಚಿ, ನೀರು ಧಾರಾಳ, ಆದರೆ ಸಮುದ್ರ ನೋಡಬೇಕಾದರೆ ಕಕ್ಕಸಿನ ಬೇಸಿನ್ ಮೇಲೆ ಹತ್ತಿ ಗಾಳಿ ಕಿಂಡಿಯಲ್ಲಿ ಇಣುಕಬೇಕು.

ಕಿಂಡಿಯೂ ಬೇಡ ಎಂದಿದ್ದರೂ ಮಾದು ಒಂದು ಕಿಂಡಿ ಬಿಟ್ಟಿದ್ದಾನೆ ಎಂಬುದೇ ಅವಳಿಗೆ ಮೊದಲು ಹೊಳೆದದ್ದು. "ಇಪ್ಪತ್ತೈದ್ ವರ್ಸದಲ್ಲಿ ಒಬ್ಬ ಬಾಡ್ಗೇವ್ನೂ ಅದ್ ಕಾಣಲ್ಲ ಇದ್ ಕಾಣಲ್ಲ ಅಂದಿಲ್ಲ" ಎಂದು ಗೊಣಗಿ ಎದ್ದುಹೋದಳು. ಅದೇ ವಾರ ಪುಟ್ಟಬಸಪ್ಪನ ಫೋನು. ಪಕ್ಕದ ರೆಸಾರ್ಟಿನವನು ಕೇಳುತ್ತಿದ್ದಾನೆ, ಹಾಕಿದ ದುಡ್ಡಿನಲ್ಲಿ ಅರ್ಧ ಬರುತ್ತದೆ, ಕೊಟ್ಟು ಕೈ ತೊಳೆದುಕೊಳ್ಳೋಣ.

ಚನ್ನಮಲ್ಲಮ್ಮನಿಗೆ ನೆನಪಾದದ್ದು ಶಾಗ್ಯದ ಹೊಲ. ಮನೆ ಹೋದರೆ ಹೊಲವೂ ಹೋದಂತೆಯೇ, ಅವ್ವ ಕೊಟ್ಟದ್ದು ಅಂತ ಬೆರಳು ಮಾಡಿ ತೋರಿಸಲು ಇನ್ನೇನೂ ಉಳಿಯುವುದಿಲ್ಲ. "ನಾನ್ ಬಂದ್ ನೋಡಗಂಟ ಯಾರ್ಗೂ ಮಾತ್ ಕೊಡ್ಬ್ಯಾಡಿ" ಎಂದಳು. ವಠಾರದ ಮೋಟರಿನ ಕೀಯನ್ನು ಮೊದಲ ಮನೆಯ ಗುರುಬಸಮ್ಮನ ಕೈಗೆ ಕೊಟ್ಟು ಬಸ್ಸು ಹತ್ತಿದಳು.

ಅವಳು ತಲುಪಿದಾಗ ಬಿಸಿಲು ಇಳಿಯುತ್ತಿತ್ತು. ಒಳಗೆ ಕಾಲಿಟ್ಟವಳಿಗೆ ಹೆಮ್ಮೆಯೇ ಆಯಿತು. ಹೊರಗೆ ಬೆವರು ಕಿತ್ತುಕೊಂಡು ಹರಿಯುತ್ತಿದ್ದರೆ ಒಳಗೆ ತಣ್ಣಗೆ, ಮಣ್ಣಿನ ಮಡಕೆಯ ಹಾಗೆ. ನಲ್ಲಿ ತಿರುಗಿಸಿ ನೋಡಿದಳು, ಬಾಗಿಲ ಅಗಣಿ ಎಳೆದು ನೋಡಿದಳು. ಇದಕ್ಕಿಂತ ಒಳ್ಳೆಯ ಮನೆ ಯಾರು ಕೊಟ್ಟಾರು ಎನ್ನಿಸಿತು. ಆಗ ಕಂಡದ್ದು, ತಾನು ಕೊಳ್ಳೇಗಾಲದಿಂದ ಕಳಿಸಿದ್ದ ಕುರ್ಚಿಗಳಿಲ್ಲದೆ ಜಗಲಿ ಖಾಲಿಯಿರುವುದು.

"ಇಲ್ಲಿದ್ದ ಕುರ್ಚಿಗೋಳು ಎಲ್ಲಿ?"

"ಇಬ್ರು ಗಂಡ ಎಂಡ್ತಿ ಬಂದವ್ರೆ. ಇಂದಕ್ ತಕಂಡೋಗವ್ರೆ" ಎಂದ ಪುಟ್ಟಬಸಪ್ಪ, ಅವಳ ಮುಖ ನೋಡದೆ.

ಬಾಡಿಗೆಗೆ ಬಂದವರು ಮನೆಯ ಸಾಮಾನು ಜಾಗ ಬಿಟ್ಟು ಕದಲಿಸುವುದು ಅವಳ ವಠಾರದಲ್ಲಿ ನಡೆಯದ ಮಾತು. ಸೆರಗು ಸಿಕ್ಕಿಸಿಕೊಂಡು, ಎರಡು ಮಾತು ಆಡಿಯೇ ಬಿಡೋಣವೆಂದು ಮನೆ ಬಳಸಿಕೊಂಡು ಹಿಂದಕ್ಕೆ ಹೋದಳು. ಕಕ್ಕಸಿನ ಗುಂಡಿಯ ಚಪ್ಪಡಿ, ಅದರ ಪಕ್ಕದಲ್ಲೇ ಮರಳಿನ ಮೇಲೆ ಕುರ್ಚಿ ಹಾಕಿಕೊಂಡು ಅವಳ ಮನೆಗೆ ಬೆನ್ನು ಕೊಟ್ಟು ಕೂತಿದ್ದ ಇಬ್ಬರು. ಅವರ ಆಚೆಗೆ ಸಮುದ್ರ.

ಅವಳಿಗೆ ಮೊದಲು ಹೆದರಿಕೆಯಾಯಿತು. ಸತ್ತೇಗಾಲದ ಹತ್ತಿರ ಕಾವೇರಿ ತುಂಬಿ ಹರಿಯುವುದನ್ನು ನೋಡಿದ್ದಳು, ಆದರೆ ಅದಕ್ಕೆ ಆಚೆ ದಡ ಇತ್ತು. ಇದಕ್ಕೆ ಇರಲಿಲ್ಲ. ಎರಡು ಮಾತು ಆಡಲು ಬಂದವಳು ಗೋಡೆ ಹಿಡಿದುಕೊಂಡು ನಿಂತಳು. ಕೂತಿದ್ದ ಹೆಂಗಸು ತಿರುಗಿ ನೋಡಿ, ಯಾರೋ ದೊಡ್ಡವರು ನಿಂತಿದ್ದಾರೆಂದು ಎದ್ದು, "ಕೂತ್ಕೊಳ್ಳಿ ಅಮ್ಮ" ಎಂದು ಕುರ್ಚಿ ಬಿಟ್ಟುಕೊಟ್ಟಳು. ತನ್ನದೇ ಕುರ್ಚಿಯಲ್ಲಿ ಚನ್ನಮಲ್ಲಮ್ಮ ನೆಂಟರ ಹಾಗೆ ಮುದುಡಿಕೊಂಡು ಕೂತಳು. ಸೂರ್ಯ ಪೂರ್ತಿ ಇಳಿಯುವವರೆಗೆ ಏಳಲಿಲ್ಲ. ಅವಳಿಗೆ ಸಂತೋಷವಾಗಿತ್ತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಗಿತ್ತು. ಜನ ಬರುವುದೇ ಇದಕ್ಕೆ, ಇದನ್ನೇ ತಾನು ಗೋಡೆ ಎತ್ತಿಸಿ ಮುಚ್ಚಿಸಿದ್ದೆ ಎಂಬುದು ಈಗ ಅವಳಿಗೆ ಯಾರೂ ಓದಿ ಹೇಳಬೇಕಾಗಿರಲಿಲ್ಲ.

ಬೆಳಿಗ್ಗೆ ಎದ್ದವಳೇ ಮಾದುವಿಗೆ ಫೋನು ಹಚ್ಚಿದಳು. "ಸುತ್ಗೆ ತಕಂಡ್ ಬಾಲಾ. ಪಡುವಲ ಗ್ವಾಡೆ ಕೆಡವ್ಬೇಕು."

ಪುಟ್ಟಬಸಪ್ಪ ಹೌಹಾರಿದ. ಮಾರುವುದೋ ಬಿಡುವುದೋ ಎಂದು ನೋಡಲು ಬಂದವಳು ಒಡೆಯಲು ನಿಂತಿದ್ದಾಳೆ. "ಪಡುವಲಿಗ್ ಬಾಗ್ಲು ಮಡಗುದ್ರೆ ಲಕ್ಸ್ಮಿ ಒಂಟೋಯ್ತಾಳೆ ಅಂದೋಳು ನೀನೇ ಅಲ್ವಾ?"

"ಒಳೀಕ್ ಬಂದಿದ್ರೆ ತಾನೆ ಒಂಟೋಗಾಕೆ? ಮೂಡ್ಲ ಬಾಗ್ಲಲ್ಲಿ ಎರಡ್ ವರ್ಸ ಕಾದ್ರಲ್ಲ, ಬಂದ್ಲಾ?"

ರೆಸಾರ್ಟಿನವನಿಗೂ ಅವಳೇ ಹೋಗಿ, ಮನೆ ಕೊಡುವುದಿಲ್ಲ ಎಂದು ಹೇಳಿ ಬಂದಳು. ಮಾದು ಬಂದ. ಅಂದೇ ಹೇಳಿದ್ದೆ ಎನ್ನುವ ಮಾತು ಅವನ ನಾಲಗೆ ತುದಿಯಲ್ಲಿತ್ತು, ಅಕ್ಕನ ಮುಖ ನೋಡಿ ನುಂಗಿಕೊಂಡ. ಬಚ್ಚಲು, ಕಕ್ಕಸು ಮೂಡಲಿಗೆ ಬಂದವು, ಪಡುವಲಿಗೆ ಅಗಲವಾದ ಬಾಗಿಲು, ಬಾಗಿಲ ಮುಂದೆ ಹೆಂಚಿನ ಮಾಡು ಇಳಿಸಿದ ಹೊಸ ಜಗಲಿ. ಖರ್ಚಿಗೆ ಅವಳ ಬಳೆ ಹೋದವು. ಗಣಪಿ ಈ ಸಲವೂ ಸುತ್ತಲೂ ತಿರುಗಿ ಬಂದಳು. "ಈಗ ಚಂದ ಆಯ್ತು" ಎಂದಳು. ಮೊದಲೇ ಯಾಕೆ ಹೇಳಲಿಲ್ಲವೆಂದು ಚನ್ನಮಲ್ಲಮ್ಮ ಕೇಳಿದ್ದಕ್ಕೆ, "ಕೇಳಿದ್ರೆ ಹೇಳ್ತಿದ್ದೆ" ಎಂದಳು.

ಮಳೆಗಾಲ ಮುಗಿಯುತ್ತಲೇ ಜನ ಬಂದರು. ದಸರೆಗೆ ಬಂದವರು ದೀಪಾವಳಿಗೆ ತಮ್ಮ ನೆಂಟರನ್ನು ಕಳಿಸಿದರು. ದೀಪ ಪ್ರತಿ ವಾರ ಫೋನಿನಲ್ಲಿ, "ಫುಲ್ ಕಣಮ್ಮ" ಎಂದು ಹೇಳುವುದು, ಚನ್ನಮಲ್ಲಮ್ಮ ಆ ಮಾತನ್ನು ವಠಾರದ ನಲ್ಲಿಯ ಹತ್ತಿರ ಎಲ್ಲರಿಗೂ ಕೇಳುವ ಹಾಗೆ ಇನ್ನೊಂದು ಸಲ ಹೇಳುವುದು. ಹೊಲ ಉಳಿದ ಹಾಗೆಯೇ ಆಯಿತು.

ಆದರೆ ಬಾಡಿಗೆ ಮನೆಯ ಒಡೆಯರ ಹಣೆಬರಹವೇ ಹೀಗೆ. ಮನೆ ನಡೆಯದಿದ್ದರೆ ದುಃಖ, ನಡೆದರೆ ಒಳಗೆ ಕಾಲಿಡಲು ಜಾಗವಿಲ್ಲ. ಸಂಕ್ರಾಂತಿಗೆ ಬರಲೇ ಎಂದು ಅವಳು ಕೇಳಿದರೆ ಪುಟ್ಟಬಸಪ್ಪ, "ಫುಲ್ ಆಗದೆ ಕಣಮ್ಮಿ, ಶಿವರಾತ್ರಿ ಕಳೀಲಿ" ಎಂದ. ಶಿವರಾತ್ರಿ ಕಳೆದ ಮೇಲೆ ಮಕ್ಕಳ ಪರೀಕ್ಷೆ ಮುಗಿಯಲಿ ಎಂದ. ಅವನದೂ ತಪ್ಪಿಲ್ಲ, ಅವನೇ ಸಾಮಾನಿನ ಕೋಣೆಯಲ್ಲಿ ಗ್ಯಾಸ್ ಸಿಲಿಂಡರಿನ ಪಕ್ಕ ಮಲಗುತ್ತಿದ್ದ. ಆ ಹೊಸ ಜಗಲಿಯಲ್ಲಿ ಒಂದು ಸಂಜೆಯೂ ಕೂತವನಲ್ಲ. ಕೂತಿರುವವರಿಗೆ ಕಾಫಿ ತಂದುಕೊಟ್ಟು ಹೊರಡುವುದೇ ಆಗಿತ್ತು. ಫೋನಿನಲ್ಲಿ ಒಂದು ದಿನ ಅದನ್ನು ಅವನು ನಗುತ್ತಲೇ ಹೇಳಿದ. ಚನ್ನಮಲ್ಲಮ್ಮನಿಗೆ ನಗು ಬರಲಿಲ್ಲ. ದೀಪಳಿಗೆ ಫೋನು ಮಾಡಿ ಏನೋ ಹೇಳಿದಳು, ದೀಪ ಬಿದ್ದು ಬಿದ್ದು ನಕ್ಕಳು.

ಆ ಶನಿವಾರಕ್ಕೆ ಒಂದು ಬುಕಿಂಗ್ ಇದೆಯೆಂದು ದೀಪ ಅಪ್ಪನಿಗೆ ತಿಳಿಸಿದಳು. ಇಡೀ ಮನೆ, ಇಬ್ಬರೇ, ಕೊಳ್ಳೇಗಾಲದವರು, ಬಾಡಿಗೆ ಪೂರ್ತಿ ಕಟ್ಟಿದ್ದಾರೆ. ಪುಟ್ಟಬಸಪ್ಪನಿಗೆ ಖುಷಿಯೋ ಖುಷಿ. ಮನೆ ಶುರುವಾದಾಗಿನಿಂದ ನಮ್ಮೂರಿನವರು ಒಬ್ಬರೂ ಬಂದಿರಲಿಲ್ಲ. ಗಣಪಿಯಿಂದ ನೆಲವನ್ನು ಎರಡು ಸಲ ಒರೆಸಿಸಿದ, ಹೊಸ ಹಾಸಿಗೆ ಬಟ್ಟೆ ಹಾಕಿಸಿದ, ಎಲ್ಲಿಂದಲೋ ರಾಗಿ ಹಿಟ್ಟು ಹುಡುಕಿ ತಂದಿಟ್ಟ. ಇಸ್ತ್ರಿ ಮಾಡಿದ ಷರಟು ತೊಟ್ಟು ಗೇಟಿನ ಹತ್ತಿರ ನಿಂತ.

ಆಟೋ ಬಂದು ನಿಂತಿತು. ಕೈಚೀಲ ಹಿಡಿದುಕೊಂಡು ಚನ್ನಮಲ್ಲಮ್ಮ ಇಳಿದಳು. ಪುಟ್ಟಬಸಪ್ಪ ಅವಳನ್ನು ನೋಡಿದ, ಅವಳ ಹಿಂದಿದ್ದ ಖಾಲಿ ಆಟೋವನ್ನು ನೋಡಿದ.

"ಬುಕ್ ಮಾಡ್ದೋಳು ನೀನಾ?"

"ಊಂ. ಬಾಡ್ಗೆ ಕಟ್ಟಿವ್ನಿ. ಫುಲ್ ಆಗದೆ ಅನ್ನಂಗಿಲ್ಲ."

"ಇಬ್ರು ಅಂತಿತ್ತಲ್ಲ. ಇನ್ನೊಬ್ರು ಎಲ್ಲಿ?"

ಚನ್ನಮಲ್ಲಮ್ಮ ಚೀಲವನ್ನು ಅವನ ಕೈಗೆ ಕೊಟ್ಟಳು. "ಇನ್ನೊಬ್ರು ನೀವೇ ಕಣ್ರಿ. ನಡೀರಿ, ಒತ್ತು ಮುಳುಗ್ತಾ ಅದೆ."