ತೇಗಿದ ಮರದ ಬೆಂಚು

ಶುಕ್ರವಾರ, ಹೊಸದುರ್ಗ. ಸ್ನೇಹಿತರೇ, ಬೆಳಿಗ್ಗೆ ನಮ್ಮ ಬೀದಿಯ ಬಡಗಿ ರಹಮತ್ ಸಾಬರ ಜೊತೆ ಒಂದು ಸರ್ಕಾರಿ ಕಚೇರಿಗೆ ಹೋಗಿದ್ದೆ. ಶಾಲೆಯ ಬೆಂಚುಗಳಿಗೆ ಕರೆದಿದ್ದ ಕೊಟೇಷನ್‌ನಲ್ಲಿ ಎಲ್ಲರಿಗಿಂತ ದುಬಾರಿ ಇವರೇ ಎಂದು ಊರಲ್ಲಿ ಸುದ್ದಿ. ಇವರು ಕೊಟೇಷನ್ನೇ ಕೊಟ್ಟಿರಲಿಲ್ಲ.

ಮಾಹಿತಿ ಹಕ್ಕಿನಲ್ಲಿ ಕೇಳಿದ್ದ ಕೊಟೇಷನ್ ಪ್ರತಿಗಳು ಕೈಗೆ ಬಂದವು. ಸಾಬರು ಕನ್ನಡಕ ಮರೆತಿದ್ದರಿಂದ ನಾನೇ ಓದಿದೆ. ಮೂರು ಅಂಗಡಿಗಳ ಮೂರು ಕಾಗದ. ಮೂರರಲ್ಲೂ ‘ತೇಗದ ಮರ’ ಎಂದಿರಬೇಕಾದಲ್ಲಿ ‘ತೇಗಿದ ಮರ’ ಎಂದಿತ್ತು. ಒಂದೇ ಕಥೆಯನ್ನು ಮೂವರು ಅನುವಾದಿಸಿದರೂ ಇಷ್ಟು ಒಗ್ಗಟ್ಟಿನಿಂದ ತಪ್ಪು ಮಾಡುವುದಿಲ್ಲ. ಮೂರನೆಯದರ ಕೆಳಗೆ ಸಾಬರ ಹೆಸರು ಮತ್ತು ಸಹಿ. ಕಾಗದವನ್ನು ಅವರ ಕಣ್ಣಿನ ಹತ್ತಿರ ಹಿಡಿದೆ.

“ಇದು ನನ್ ಸಹಿ ಅಲ್ಲ ಸಾರ್,” ಎಂದರು ಸಾಬರು.

ಗುಮಾಸ್ತರು ತಲೆ ಎತ್ತಲಿಲ್ಲ. “ಮೂರು ಇರ್ಬೇಕು ಅಂತ ರೂಲ್ಸ್ ಐತ್ರಿ. ಒಳ್ಳೆ ಹೆಸ್ರು ಅಂತ ನಿಮ್ದು ಹಾಕಿರ್ತಾರೆ. ಅದಕ್ಯಾಕೆ ಬೇಜಾರು?”

“ಮೂವತ್ತು ವರ್ಷ ಕೆಲ್ಸ ಮಾಡಿ ಆ ಹೆಸ್ರು ತಗಂಡಿದೀನಿ ಸಾರ್.”

ಸೋಮವಾರ ಚಿತ್ರದುರ್ಗಕ್ಕೆ ಹೋಗಿ, ಸರ್ಕಾರಿ ಖರೀದಿಯ ದೂರು ಕೇಳುವ ಓಂಬುಡ್ಸ್‌ಮನ್ ಮುಂದೆ ಮೂರೂ ಕಾಗದ ಇಡುವುದೆಂದು ಬಸ್ ಸ್ಟ್ಯಾಂಡಿನಲ್ಲಿ ತೀರ್ಮಾನಿಸಿದೆವು. ದೂರು ನಾನು ಬರೆಯಬೇಕು. ಇನ್ನೂ ಬರೆದಿಲ್ಲ.

“ತೇಗ ಅಂತ ಸರಿಯಾಗಿ ಬರೀರಿ ಅಕ್ಕ,” ಎಂದರು ಸಾಬರು. “ತಪ್ಪಿದ್ರೆ ಇದು ನಾಲ್ಕನೇ ಕೊಟೇಷನ್ ಅಂದ್ಕಂತಾರೆ.”